ಹಾಲು ಸಾಲದು ಅನ್ನುವ ಮುಂಚೆ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಭಾಷಣದ ಬರಹರೂಪ)



ತಾಯಿಯ ಹಾಲು ಅಮೃತ ಅಂತ ನಾನು ಇಲ್ಲಿ ಬಂದು ಹೇಳಬೇಕಾಗಿಲ್ಲ. ಅಂಗನವಾಡಿಯಲ್ಲಿ ಕೇಳಿದ್ದೀರಿ, ಆಸ್ಪತ್ರೆ ಗೋಡೆ ಮೇಲೆ ಓದಿದ್ದೀರಿ. ಆದರೂ ಎಷ್ಟೋ ಮನೆಗಳಲ್ಲಿ ಹೆರಿಗೆಯಾದ ವಾರದೊಳಗೆ "ನನಗೆ ಹಾಲೇ ಸಾಲದು" ಅಂತ ಬಾಣಂತಿ ಅಳುತ್ತಾಳೆ, ಡಬ್ಬದ ಪುಡಿ ಮನೆಗೆ ಬರುತ್ತದೆ. ಇದು ಯಾಕೆ ಹೀಗೆ, ಯಾರು ತಡೀಬಹುದು ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ 88ಕ್ಕಿಂತ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ನೂರಕ್ಕೆ ಸುಮಾರು 42 ಮಾತ್ರ. ಯೋಚನೆ ಮಾಡಿ. ಹಿಂದೆ ಅಜ್ಜಿಯರು ಗಿಣ್ಣು ಹಾಲು ಹಿಂಡಿ ಚೆಲ್ಲಿಸ್ತಾರೆ, ಮಗುವಿಗೆ ಸಕ್ಕರೆ ನೀರು ನೆಕ್ಕಿಸ್ತಾರೆ ಅಂತ ದೂರುತ್ತಿದ್ದೆವು. ಈಗ ಮಗು ಹುಟ್ಟುವುದೇ ನರ್ಸ್, ಡಾಕ್ಟರ ಕಣ್ಣೆದುರಿಗೆ. ಹಾಗಾದ್ರೆ ತಾಯಿಗೆ ಬುದ್ಧಿ ಹೇಳಿದರಷ್ಟೇ ಸಾಲದು. ಅವಳ ಪಕ್ಕದಲ್ಲಿ ನಿಂತವರಿಗೂ ತರಬೇತಿ ಬೇಕು.

ನರ್ಸಮ್ಮನಿಗೆ ಇಷ್ಟೂ ಗೊತ್ತಿರಲ್ವಾ ಅಂತ ನೀವು ಕೇಳಬಹುದು. ಮುದ್ದೆ ತಿರುವುವುದನ್ನು ಪುಸ್ತಕ ಓದಿ ಕಲಿಯೋಕಾಗುತ್ತಾ? ಕೈಗೇ ಬರಬೇಕು. ಹಾಲು ಕುಡಿಸಲು ಸಹಾಯ ಮಾಡುವುದೂ ಹಾಗೇ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1993ರಲ್ಲೇ ಆರೋಗ್ಯ ಸಿಬ್ಬಂದಿಗಾಗಿ 40 ಗಂಟೆಗಳ ತರಬೇತಿಯನ್ನು ಸಿದ್ಧಪಡಿಸಿದವು. ನಮ್ಮ ಕೇಂದ್ರ ಸರ್ಕಾರ 2016ರ ಆಗಸ್ಟ್‌ನಲ್ಲಿ 'ಮಾ' ಎಂಬ ಕಾರ್ಯಕ್ರಮ ಆರಂಭಿಸಿ, ಆಶಾ, ನರ್ಸ್ ಮತ್ತು ವೈದ್ಯರಿಗೆ ಈ ವಿಷಯದಲ್ಲಿ ತರಬೇತಿ ಕೊಡುವ ಏರ್ಪಾಡು ಮಾಡಿತು.

ತರಬೇತಿ ಪಡೆದವರು ಏನು ಮಾಡ್ತಾರೆ? "ಹಾಲು ಕೊಡಮ್ಮ" ಅಂತ ಹೇಳಿ ಹೊರಟುಹೋಗುವುದಿಲ್ಲ. ಪಕ್ಕದಲ್ಲಿ ಕೂತು, ಮಗು ಕುಡಿಯುವುದನ್ನು ಕಣ್ಣಾರೆ ನೋಡ್ತಾರೆ. ಬಾಯಿ ಅಗಲವಾಗಿ ತೆರೆದಿದೆಯೇ, ಗಲ್ಲ ಎದೆಗೆ ತಾಗಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ ಅಂತ ಗಮನಿಸ್ತಾರೆ. ಮಗು ಬರೀ ತೊಟ್ಟನ್ನು ಚೀಪಿದರೆ ತೊಟ್ಟು ಒಡೆದು ತಾಯಿಗೆ ನೋವು, ಮಗುವಿಗೆ ಹಾಲು ಸಿಗುವುದಿಲ್ಲ. ಸುತ್ತಲಿನ ಕಪ್ಪು ಭಾಗವೂ ಬಾಯಿಗೆ ಹೋಗಬೇಕು. ಎಷ್ಟೋ ಸಲ "ಹಾಲಿಲ್ಲ" ಅನ್ನುವ ಕಷ್ಟ ಮಗುವನ್ನು ಹಿಡಿಯುವ ರೀತಿ ಸರಿಮಾಡಿದರೆ ತೀರುತ್ತದೆ. ಆಪರೇಷನ್ ಆದ ತಾಯಿಗೂ ಪಕ್ಕದಲ್ಲೊಬ್ಬರು ನೆರವಾದರೆ ಬೇಗ ಹಾಲು ಕುಡಿಸಬಹುದು.

ಇಲ್ಲಿ ಒಂದು ಗುಟ್ಟು ತಿಳ್ಕೊಳ್ಳಿ. ಮಗು ಚೀಪಿದಷ್ಟೂ ಹಾಲು ಬರುತ್ತದೆ. ಪುಡಿ ಕೊಟ್ಟರೆ ಮಗು ಚೀಪುವುದು ಕಡಿಮೆ, ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆ. ಆಮೇಲೆ ಡಬ್ಬದ ಮೇಲೆ ಡಬ್ಬ. ದುಡ್ಡು ಸಾಲದೆ ಪುಡಿಗೆ ನೀರು ಹೆಚ್ಚು ಬೆರೆಸಿದರೆ ಮಗು ಸೊರಗುತ್ತದೆ, ಬಾಟಲಿ ಶುದ್ಧವಿಲ್ಲದಿದ್ದರೆ ಭೇದಿ ಹಿಡಿಯುತ್ತದೆ. ಸಂಘದಲ್ಲಿ ತೆಗೆದ ಸಾಲ ಡಬ್ಬಕ್ಕೂ ಔಷಧಿಗೂ ಹೋದರೆ ಹಸು ಕೊಳ್ಳುವುದು ಯಾವಾಗ?

ಕಾನೂನೂ ನಮ್ಮ ಕಡೆಗಿದೆ. 1992ರ ಕಾಯಿದೆ ಮತ್ತು 2003ರ ತಿದ್ದುಪಡಿಯ ಪ್ರಕಾರ ಎಳೆ ಮಕ್ಕಳ ಹಾಲಿನ ಪುಡಿ, ಹಾಲು ಕುಡಿಸುವ ಬಾಟಲಿಗಳಿಗೆ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ. ಕಂಪನಿಯವರು ಆರೋಗ್ಯ ಸಿಬ್ಬಂದಿಗೆ ಉಡುಗೊರೆ ಕೊಡುವಂತಿಲ್ಲ, ಅವರ ಸಭೆ, ತರಬೇತಿಗಳಿಗೆ ಹಣ ಹಾಕುವಂತಿಲ್ಲ. ಯಾಕಂದ್ರೆ ಪುಡಿ ಮಾರುವವರ ದುಡ್ಡಿನಲ್ಲಿ ಎದೆಹಾಲಿನ ಪಾಠ ನಡೆಯಬಾರದು.

ಈಗ ಸಂಘಗಳು ಮಾಡಬೇಕಾದ ಕೆಲಸ.

ಒಂದು, ಏಳು ತಿಂಗಳ ಗರ್ಭಿಣಿ ಇರುವ ಮನೆಯವರು ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ತಾಲ್ಲೂಕು ಆಸ್ಪತ್ರೆ ಇರಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಇರಲಿ, ಖಾಸಗಿ ನರ್ಸಿಂಗ್ ಹೋಮ್ ಇರಲಿ: "ಹುಟ್ಟಿದ ಕೂಡಲೆ ಮಗುವನ್ನು ತಾಯಿ ಎದೆ ಮೇಲೆ ಮಲಗಿಸ್ತೀರಾ? ಹಾಲು ಕುಡಿಸಲು ಯಾರು ಸಹಾಯ ಮಾಡ್ತಾರೆ?" ಕೇಳುವುದು ಜಗಳವಲ್ಲ, ನಮ್ಮ ಹಕ್ಕು.

ಎರಡು, ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ನಂಜನಗೂಡಿನ ಸೊಸೆ ಬಾಣಂತನಕ್ಕೆ ನರಸೀಪುರದ ಕಡೆ ತವರಿಗೆ ಹೋದರೆ, ಎರಡೂ ಊರಿನ ಪಟ್ಟಿಯಲ್ಲಿ ಅವಳ ಹೆಸರು ಬಿಟ್ಟುಹೋಗಬಾರದು. ತವರಿನ ಸಂಘದವರು ಅಲ್ಲಿನ ಆಶಾಗೆ ತಿಳಿಸಿ.

ಮೂರು, "ಹಾಲು ಸಾಲದು" ಅಂತ ಬಾಣಂತಿ ಹೇಳಿದರೆ ಬೈಯಬೇಡಿ, ಅಂಗಡಿಗೂ ಓಡಬೇಡಿ. ಮಗು ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಯುತ್ತಿದೆಯೇ? ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಒದ್ದೆ ಮಾಡುತ್ತಿದೆಯೇ? ತೂಕ ಏರುತ್ತಿದೆಯೇ? ಹಾಗಿದ್ದರೆ ಹಾಲು ಸಾಕಾಗುತ್ತಿದೆ. ಇಲ್ಲದಿದ್ದರೆ ಆಶಾ ಅಥವಾ ನರ್ಸಮ್ಮನನ್ನು ಕರೆದು, ಕುಡಿಸುವುದನ್ನು ನೋಡಲು ಹೇಳಿ. ಮಗು ಚೀಪುವುದನ್ನೇ ಬಿಟ್ಟರೆ, ಮಂಕಾದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ತಾಯಂದಿರಿಗೆ, ತೂಕ ಕಡಿಮೆಯಿರುವ ಮಕ್ಕಳಿಗೆ ನಿಜವಾಗಿಯೂ ಹೆಚ್ಚಿನ ಸಹಾಯ ಬೇಕಾಗುತ್ತದೆ. ಚೀಪಲು ಶಕ್ತಿಯಿಲ್ಲದ ಮಗುವಿಗೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುವುದನ್ನು ಸಿಬ್ಬಂದಿ ಕಲಿಸಿಕೊಡ್ತಾರೆ.

ನಾಲ್ಕು, ಬಾಣಂತಿಗೆ ಹೊಟ್ಟೆ ತುಂಬ ಊಟ, ಬಾಯಾರಿದಾಗ ನೀರು, ಸ್ವಲ್ಪ ನಿದ್ದೆ ಕೊಡಿ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ನೀರೂ ಬೇಡ. ವೈದ್ಯರು ಹೇಳಿದ ಔಷಧಿ ಮಾತ್ರ ಕೊಡಬಹುದು. ಆರು ತುಂಬಿದ ಮೇಲೆ ರಾಗಿ ಸರಿ, ಮೆತ್ತಗೆ ಹಿಸುಕಿದ ಅನ್ನ-ಬೇಳೆ, ಬಾಳೆಹಣ್ಣು, ಮೊಟ್ಟೆ ಶುರುಮಾಡಿ. ಎರಡು ವರ್ಷದವರೆಗೂ ಎದೆಹಾಲು ಮುಂದುವರಿಯಲಿ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಸೇರಿಸಿ: ನಮ್ಮ ಬೀದಿಯಲ್ಲಿ ಈ ತಿಂಗಳು ಯಾರಿಗೆ ಹೆರಿಗೆ? ಅವಳ ಜೊತೆ ಯಾರು ಇರ್ತಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.