ಆಕಾಶದ ಕಲ್ಲು ಮತ್ತು ಅದರ ಚೀಟಿ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಲನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಚಿಕ್ಕಿ ಉದುರುವದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಉದುರುವದು ಚಿಕ್ಕಿಯಲ್ಲವೆಂಬುದನ್ನು ಮೇಲಿನ ತರಗತಿಯವರು ಬಲ್ಲರು. ಬಾಹ್ಯಾಕಾಶದಲ್ಲಿ ಅಲೆಯುವ ಕಲ್ಲಿನ ಕಣವೊಂದು ಮಹಾವೇಗದಿಂದ ವಾಯುಮಂಡಲವನ್ನು ಹೊಕ್ಕು ಉರಿದು ಹೋಗುವದು, ಅದು ಉಲ್ಕೆ. ದೊಡ್ಡ ಬಂಡೆಯೇ ಬಂದರೆ ಉರಿದು ಉಳಿದ ಭಾಗವು ನೆಲಕ್ಕೆ ಬೀಳುವದು, ಅದು ಉಲ್ಕಾಶಿಲೆ. ಇವುಗಳಲ್ಲಿ ಬಹುತೇಕವು ಸುಮಾರು 456 ಕೋಟಿ ವರ್ಷಗಳಷ್ಟು ಹಳೆಯವು. ಭೂಮಿಯ ಸ್ವಂತ ಬಂಡೆಗಳಲ್ಲಿ ಅಷ್ಟು ಹಳೆಯದು ಒಂದೂ ದೊರೆತಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯವರೆಗೂ ಯುರೋಪಿನ ಪಂಡಿತರಲ್ಲಿ ಹೆಚ್ಚಿನವರು ಇದನ್ನು ನಂಬಲಿಲ್ಲ. ಆಕಾಶದಿಂದ ಕಲ್ಲು ಬಿತ್ತೆಂಬುದು ಹಳ್ಳಿಗರ ಹುಚ್ಚುಮಾತೆಂದರು. 1798ರ ಡಿಸೆಂಬರದಲ್ಲಿ ನಮ್ಮ ಕಾಶಿಯ ಹತ್ತಿರ ಕಲ್ಲುಗಳು ಬಿದ್ದವು. ಅವುಗಳ ತುಣುಕು ಇಂಗ್ಲಂಡಿಗೆ ಹೋಯಿತು. ಎಡ್ವರ್ಡ್ ಹೊವರ್ಡ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಯುರೋಪಿನಲ್ಲಿ ಬಿದ್ದ ಕಲ್ಲುಗಳೊಡನೆ ಪರೀಕ್ಷಿಸಿ, ಅವುಗಳ ಕಬ್ಬಿಣದಲ್ಲೆಲ್ಲ ನಿಕ್ಕಲ್ ಇರುವದೆಂದು 1802ರಲ್ಲಿ ಪ್ರಕಟಿಸಿದನು. ಹಳ್ಳಿಗರ ಮಾತು ನಿಜವಾಯಿತು!

ಕನ್ನಡ ನಾಡಿನ ಹೆಸರುಗಳೂ ಜಗತ್ತಿನ ಉಲ್ಕಾಶಿಲೆಗಳ ಯಾದಿಯಲ್ಲಿವೆ. 1848ರಲ್ಲಿ ಆಗಿನ ಧಾರವಾಡ ಜಿಲ್ಲೆಯ ನೆಗಳೂರಿನಲ್ಲಿ ಬಿದ್ದ ಶಿಲೆಗೆ ‘ಧಾರವಾಡ’ ಎಂದೇ ಹೆಸರು. 1865ರಲ್ಲಿ ಬಿದ್ದದ್ದು ‘ಮದ್ದೂರು’, 1866ರಲ್ಲಿ ಬಿದ್ದದ್ದು ‘ಉಡುಪಿ’. ಬಿದ್ದ ಊರಿನ ಹೆಸರನ್ನೇ ಕಲ್ಲಿಗೆ ಇಡುವದು ಈ ಶಾಸ್ತ್ರದ ಪದ್ಧತಿ. ನಮ್ಮ ಮಹಾರಾಷ್ಟ್ರದಲ್ಲಿ ಇತ್ತೀಚೆಗೆ, 2012ರ ಮೇ 22ರಂದು, ನಾಗಪುರ ಜಿಲ್ಲೆಯ ಕಾಟೋಲದಲ್ಲಿ ಇಂಥ ಕಲ್ಲುಗಳು ಬಿದ್ದವು. ಯಾರೋ ಒಬ್ಬರು ಎತ್ತಿಟ್ಟು, ಎಲ್ಲಿ ಎಂದು ಬಿತ್ತೆಂದು ಬರೆದಿಟ್ಟುದರಿಂದಲೇ ಈ ಹೆಸರುಗಳು ಉಳಿದವು. ಒಡೆದು ಗೋಡೆಗೆ ಸೇರಿದ, ಗದ್ದುಗೆಯ ಮೇಲೆ ಎಣ್ಣೆ ಕುಂಕುಮದಲ್ಲಿ ಮುಚ್ಚಿಹೋದ ಕಲ್ಲುಗಳೆಷ್ಟೋ!

ಇನ್ನು ತಾಯಂದಿರು ಗಮನವಿಟ್ಟು ಕೇಳಬೇಕಾದ ಸಂಗತಿ. ಅಮೇರಿಕೆಯ ಕಾನ್ಸಸ್ ಪ್ರಾಂತದಲ್ಲಿ ಎಲಿಝಾ ಕಿಂಬರ್ಲಿ ಎಂಬ ಒಕ್ಕಲಗಿತ್ತಿಯಿದ್ದಳು. ಅವರ ಸೀಮೆಯಲ್ಲಿ ಕಲ್ಲೇ ಅಪರೂಪ. ಆದರೂ ಹೊಲದಲ್ಲಿ ವಿಪರೀತ ಭಾರದ ಕರಿಗಲ್ಲುಗಳು ನೇಗಿಲಿಗೆ ತಾಕುತ್ತಿದ್ದವು. ನೆರೆಯವರು ಅವನ್ನು ಬಣವೆಯ ಮೇಲೆ ಭಾರಕ್ಕಾಗಿ ಹೇರುತ್ತಿದ್ದರು. ಈಕೆ ಬಾಲ್ಯದಲ್ಲಿ ಶಾಲೆಗೆ ಹೋಗುವಾಗ ಒಮ್ಮೆ ಉಲ್ಕಾಶಿಲೆಯನ್ನು ನೋಡಿದ್ದಳು, ಅದು ನೆನಪಿನಲ್ಲಿತ್ತು. ಗಂಡನೂ ನೆರೆಯವರೂ ನಗುತ್ತಿರಲು ಕಲ್ಲುಗಳನ್ನು ಕೂಡಿಸಿ, ವಿದ್ವಾಂಸರಿಗೆ ವರ್ಷಗಟ್ಟಲೆ ಪತ್ರ ಬರೆದಳು. ಕಡೆಗೆ 1890ರಲ್ಲಿ ಕ್ರ್ಯಾಗಿನ್ ಎಂಬ ಪ್ರಾಧ್ಯಾಪಕರು ಬಂದು ನೋಡಿ, ಹಣ ಕೊಟ್ಟು ಕೊಂಡರು. ಕಬ್ಬಿಣದ ನಡುವೆ ಹಳದಿ ಹಸಿರು ಹರಳುಗಳು ಹೊಳೆಯುವ ಆ ಶಿಲೆ ಇಂದು ‘ಬ್ರೆನ್‌ಹ್ಯಾಮ್’ ಎಂದು ಪ್ರಸಿದ್ಧವಾಗಿದೆ. ಶಾಲೆಯ ವಯಸ್ಸಿನಲ್ಲಿ ಕಣ್ಣಿಗೆ ಬಿದ್ದುದು ಎಷ್ಟು ವರ್ಷದ ಮೇಲೆ ಫಲಿಸಿತು!

ಅದೇ ಪ್ರಾಂತದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಹಾರ್ವೆ ನಿನಿಂಜರರು 1923ರಲ್ಲಿ ಒಂದು ಬೆಂಕಿಯುಂಡೆಯಂಥ ಉಲ್ಕೆಯನ್ನು ಕಂಡರು. ಅಂದಿನಿಂದ ಊರೂರು ತಿರುಗಿ, ಶಾಲೆಗಳಲ್ಲಿ ವ್ಯಾಖ್ಯಾನ ಕೊಟ್ಟು, ಕಲ್ಲು ತಂದವರಿಗೆ ಬೆಲೆ ಕೊಡುವೆನೆಂದು ರೈತರಿಗೆ ಸಾರಿದರು. ವಿದ್ವಾಂಸರು ಮೊದಮೊದಲು ಅವರನ್ನು ಅಷ್ಟಾಗಿ ಲೆಕ್ಕಿಸಲಿಲ್ಲ, ರೈತರು ಲೆಕ್ಕಿಸಿದರು. ಅವರ ಸಂಗ್ರಹದ ಬಹುಭಾಗವನ್ನು 1960ರಲ್ಲಿ ಆರಿಝೋನಾ ರಾಜ್ಯ ವಿಶ್ವವಿದ್ಯಾಲಯವು ಕೊಂಡು, ಮರುವರ್ಷ ಉಲ್ಕಾಶಿಲೆಗಳ ಅಧ್ಯಯನ ಕೇಂದ್ರವನ್ನು ತೆರೆಯಿತು. ವಿಶ್ವವಿದ್ಯಾಲಯಗಳಲ್ಲಿರುವ ಇಂಥ ಸಂಗ್ರಹಗಳಲ್ಲಿ ಅದು ಅತ್ಯಂತ ದೊಡ್ಡವುಗಳ ಸಾಲಿನದು. ಕಪಾಟಿಗೆ ಬೀಗ ಹಾಕಿ ಕೂಡದೆ ಅದು ಜನಕ್ಕೂ ಶಾಲೆಯ ಮಕ್ಕಳಿಗೂ ಶಿಲೆಗಳನ್ನು ತೋರಿಸಿ ತಿಳಿಹೇಳುತ್ತದೆ. ನಮ್ಮ ದೇಶದ ದೊಡ್ಡ ಸಂಗ್ರಹವು ಕೋಲಕತ್ತೆಯಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಶದಲ್ಲಿದೆ.

ನಮ್ಮ ಸಾಂಗಲಿ ಮಿರಜಗಳಲ್ಲಿ ತೊಡಕೊಂದುಂಟು. ಕಾನ್ಸಸದಲ್ಲಿ ಕರಿಗಲ್ಲು ಕಂಡರೆ ಬೆರಗು. ಇಲ್ಲಿ ದಂಡೋಬಾ ಗುಡ್ಡದಿಂದ ಕೃಷ್ಣೆಯ ಘಟ್ಟದವರೆಗೆ ಎಲ್ಲಿ ನೋಡಿದರೂ ಕರಿಗಲ್ಲೇ. ಹುಡುಗರು ವರ್ಷಕ್ಕೆ ನಾಲ್ಕಾರು ಕಲ್ಲು ತಂದು ‘ಸರ್, ಇದು ಉಲ್ಕೆಯೇ?’ ಎನ್ನುವರು. ತರಲಿ! ಪರೀಕ್ಷೆ ಮಾತ್ರ ತಿಳಿದಿರಲಿ. ಮೈಯಲ್ಲಿ ಗುಳ್ಳೆಯ ತೂತುಗಳಿದ್ದರೆ ಅದು ಬಹುಶಃ ನೆಲದ ಕಲ್ಲು, ಇಲ್ಲವೆ ಭಟ್ಟಿಯ ಕಿಟ್ಟ. ಹೊಸದಾಗಿ ಬಿದ್ದ ಶಿಲೆಗೆ ತೆಳುವಾದ ಕಪ್ಪು ಸುಟ್ಟ ಸಿಪ್ಪೆಯಿರುವದು. ಮುರಿದ ಕಡೆ ಒಳಮೈ ಹೆಚ್ಚಾಗಿ ಬೂದುಬಣ್ಣ. ಕೆಲವುಗಳ ಮೇಲೆ ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದಂಥ ಕುಳಿಗಳಿರುವವು. ಗಾತ್ರಕ್ಕೆ ಮೀರಿದ ತೂಕವಿರುವದು. ಅಯಸ್ಕಾಂತವನ್ನು ನಂಬಬೇಡಿರಿ: ನಮ್ಮ ಕರಿಗಲ್ಲೂ ಅದಕ್ಕೆ ಅಷ್ಟಿಷ್ಟು ಅಂಟುವದು. ಮೇಲಾಗಿ ನಿಜವಾದ ಉಲ್ಕಾಶಿಲೆಗೆ ಬಲವಾದ ಅಯಸ್ಕಾಂತ ತಾಗಿಸಿದರೆ ಅದರೊಳಗೆ ಕೋಟ್ಯವಧಿ ವರ್ಷಗಳಿಂದ ಉಳಿದ ಕಾಂತೀಯ ಗುರುತು ಅಳಿಸಿಹೋಗುವದು.

ಸಭೆಯಾದ ಮೇಲೆ ಪ್ರಯೋಗಶಾಲೆಯ ಮೇಜನ್ನು ನೋಡಿಕೊಂಡು ಹೋಗಬೇಕು. ಈ ವರ್ಷ ಮಕ್ಕಳು ತಂದ ಐದು ಕಲ್ಲುಗಳನ್ನು ಇಟ್ಟಿದ್ದೇವೆ. ನಾಲ್ಕು ಕರಿಗಲ್ಲು, ಒಂದು ಕಿಟ್ಟ. ಉಲ್ಕೆ ಒಂದೂ ಇಲ್ಲ. ಪ್ರತಿಯೊಂದರ ಮುಂದೆ ಸಿಕ್ಕ ಊರು, ಹೊಲ, ತಾರೀಖು, ತೂಕ, ತಂದವರ ಹೆಸರು ಬರೆದ ಚೀಟಿಯಿದೆ. ಚೀಟಿಗಳನ್ನು ಬರೆದವರು ಏಳನೆಯ ತರಗತಿಯ ಮಕ್ಕಳು. ಆರನೆಯ ಜಾಗವನ್ನು ಅವರೇ ಖಾಲಿ ಬಿಟ್ಟು, ಬರೆಯದ ಚೀಟಿಯೊಂದನ್ನು ಇಟ್ಟಿದ್ದಾರೆ.