ಬಿತ್ತುವ ಮುನ್ನ ಹೇಳಬೇಕಾದ ಮಾತು



ಹೊಸ ತಂತ್ರಜ್ಞಾನವನ್ನು ಜನ ನಂಬದಿದ್ದರೆ, ಅವರಿಗೆ ವಿಜ್ಞಾನ ತಿಳಿಯದು ಎಂದುಬಿಡುವುದು ರೂಢಿ. ನಾನು ಇದನ್ನು ಒಪ್ಪುವವನಲ್ಲ. ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡಿ.

1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಸೀಮೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಗೆ ಬೆಂಕಿಯಿಟ್ಟಿತು. ಬೆಳೆದ ಬೀಜ ಮತ್ತೆ ಮೊಳೆಯದಂತೆ ಮಾಡುವ 'ಟರ್ಮಿನೇಟರ್' ತಂತ್ರಕ್ಕೆ ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಹೊಲದಲ್ಲಿರುವುದು ಅದೇ ಎಂಬ ಸುದ್ದಿ ಹಬ್ಬಿತು. ನಿಜಕ್ಕೂ ಅಲ್ಲಿದ್ದದ್ದು ಬೇರೆ: ಕಾಯಿಕೊರಕ ಹುಳುವನ್ನು ಕೊಲ್ಲಲು ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಹತ್ತಿ. ಆದರೆ ಸುದ್ದಿ ಸುಳ್ಳೆಂದು ಯಾರು ಹೇಳಿದರೆ ನಂಬಬೇಕಿತ್ತು? ಪ್ರಯೋಗ ಎಲ್ಲೆಲ್ಲಿ ನಡೆದಿದೆಯೆಂದು ಮೊದಲೇ ಯಾರೂ ಸಾರಿರಲಿಲ್ಲ. ತನ್ನ ಹೊಲದಲ್ಲಿ ಬೆಳೆಯುತ್ತಿರುವುದು ಏನೆಂದು ತನಗೇ ಗೊತ್ತಿರಲಿಲ್ಲ ಎಂದು ರೈತನೇ ಹೇಳಿದ. ಬೆಂಕಿಗಿಂತ ಈ ಮಾತು ನನ್ನನ್ನು ಹೆಚ್ಚು ಕಾಡುತ್ತದೆ.

ಆಮೇಲೆ ಬಂದದ್ದು ಬಿಟಿ ಬದನೆ. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು. ಪರಿಸರ ಸಚಿವ ಜೈರಾಮ್ ರಮೇಶ್ ಅಲ್ಲಿಗೇ ಬಿಡದೆ ಏಳು ನಗರಗಳಲ್ಲಿ ಸಭೆ ಕರೆದು ಜನರ ಮಾತು ಕೇಳಿದರು. ಬೆಂಗಳೂರಿನಲ್ಲೂ ಸಭೆ ನಡೆಯಿತು. 2010ರ ಫೆಬ್ರುವರಿ 9ರಂದು ಬೆಳೆಗೆ ತಡೆ ಬಿತ್ತು.  

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ವಂಶವಾಹಿ ಸೇರಿಸಲು ಆರಿಸಿದ ಬದನೆ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಯತಿ ವಾದಿರಾಜರು ಕೊಟ್ಟ ಬೀಜವೆಂದು ಉಡುಪಿ ಬಳಿಯ ಮಟ್ಟು ಗ್ರಾಮದವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದು ಗುಳ್ಳವನ್ನೇ. ಅದನ್ನು ಬದಲಿಸಲು ಯಾರನ್ನು ಕೇಳಿದಿರಿ ಎಂಬ ಪ್ರಶ್ನೆಗೆ ಇಲಿಗಳ ಮೇಲಿನ ವಿಷಪರೀಕ್ಷೆ ಉತ್ತರ ಕೊಡಲಾರದು. ಬಿಟಿ ಬದನೆಯ ಸುರಕ್ಷತೆಯ ದಾಖಲೆಗಳನ್ನು ಹೊರತೆಗೆಸಲೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು. ದಾಖಲೆ ನಿರ್ದೋಷವಾಗಿದ್ದರೂ, ಬಲವಂತಕ್ಕೆ ಹೊರಬಂದದ್ದನ್ನು ಜನ ಅನುಮಾನದಿಂದಲೇ ಓದುತ್ತಾರೆ.

ಹೀಗೆಯೇ ವಂಶವಾಹಿ ಬದಲಿಸಿದ, ಅಂದರೆ ಕುಲಾಂತರಿ, ಸಾಸಿವೆಯ ವಿಚಾರದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆದರೆ ರೈತರನ್ನೂ ರಾಜ್ಯಗಳನ್ನೂ ಕೇಳಿಕೊಂಡು ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ರೂಪಿಸಬೇಕು ಎಂಬಲ್ಲಿ ಇಬ್ಬರದೂ ಒಂದೇ ಮಾತು. ಆ ಸಮಾಲೋಚನೆ ರಾಜಧಾನಿಯ ಸಭಾಂಗಣದಲ್ಲಿ ಮುಗಿದುಹೋಗದಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ, ಬಿತ್ತನೆಗೆ ಮುನ್ನ, ತಾಲ್ಲೂಕು ಕೇಂದ್ರದಲ್ಲಿ ಸಿಗಬೇಕೆಂದು ನಿಮ್ಮ ಶಾಸಕರನ್ನು ಕೇಳಿ, ಕೃಷಿ ಇಲಾಖೆಯನ್ನು ಕೇಳಿ.