ಐ7 ಸ್ಟಿಕರ್ ನೋಡಿ 19 ಸಾವಿರ ಕೊಟ್ವಿ

ಹೊಸಪೇಟೆಯಿಂದ ಮಾತಾಡ್ತಿದೀನಿ. ಈ ಸಲ ಜಿಎಸ್‌ಟಿ ಬಗ್ಗೆ ಎಪಿಸೋಡ್ ಮಾಡ್ತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕೆ ಹೋಯ್ತು. ಯಾಕಂದ್ರೆ ಕಂಪ್ಲಿಯಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಒಂದು ಹಳೇ ಲ್ಯಾಪ್‌ಟಾಪ್ ತಗೊಂಡು ಪಟ್ಟ ಪಾಡು ಮೊದಲು ಹೇಳಬೇಕು. ಹೆಸರು ಹೇಳಲ್ಲ, ಹೇಳಿದ್ರೆ ಮನೆಗೇ ಬಂದು ಜಗಳ ಮಾಡ್ತಾನೆ.

ಅವನೂ ನನ್ನ ಹಾಗೆ ಬಿ.ಕಾಂ. ಕಂಪ್ಲಿಯ ಕೆಲವು ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಹಂಪಿ ಕಡೆ ಒಂದೆರಡು ಹೋಂಸ್ಟೇ, ಇವರ ಟ್ಯಾಲಿ ಲೆಕ್ಕ, ರಿಟರ್ನ್ ಎಲ್ಲ ನೋಡ್ಕೋತಾನೆ. ಬೈಕ್ ಮೇಲೆ ಬ್ಯಾಗ್ ಹಾಕ್ಕೊಂಡು ತಿರುಗೋ ಕೆಲಸ. ಚಿಕ್ಕಮ್ಮ ಸಂಘದಲ್ಲಿ ಸಾಲ ತೆಗೆದು 19 ಸಾವಿರ ಕೊಟ್ಟರು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಇವನು ಕೇಳಿದ್ದು ಒಂದೇ ಪ್ರಶ್ನೆ, "ಐ7 ಐತಾ?" ಅವರು ಸ್ಟಿಕರ್ ತೋರಿಸಿದ್ರು, ವ್ಯಾಪಾರ ಮುಗೀತು. ಇನ್ನೊಂದು ಹೇಳಿಬಿಡ್ತೀನಿ: "ಐ7 ಆದ್ರೆ ಕಣ್ಮುಚ್ಚಿ ತಗೋ" ಅಂತ ಫೋನ್‌ನಲ್ಲಿ ಹೇಳಿದವನು ನಾನೇ.

ಆ ತಿಂಗಳ 20ನೇ ತಾರೀಕು, 3ಬಿ ಹಾಕೋ ಕೊನೇ ದಿನ, ರಾತ್ರಿ ಒಂಬತ್ತಕ್ಕೆ ಫೋನ್. "ಅಣ್ಣಾ, ಟ್ಯಾಲಿ ತೆಗೆದು ಬ್ರೌಸರ್ ತೆಗೆದ್ರೆ ಹಂಗೇ ನಿಂತ್ಕಂಡ್‌ಬಿಡ್ತೈತಿ." ಮರುದಿನ ಹೊಸಪೇಟೆಗೆ ತಂದ. ನನ್ನ ಟೇಬಲ್ ಮೇಲೆ ಸಂಡೂರಿನ ಒಂದು ಲಾರಿ ಆಫೀಸ್ ಗುಜರಿಗೆ ಹಾಕೋಕೆ ಹೊರಟಿದ್ದ ಡೆಸ್ಕ್‌ಟಾಪ್ ಇದೆ. ನಾಲ್ಕೂವರೆ ಸಾವಿರಕ್ಕೆ ತಂದಿದ್ದು, ಅದಿರಿನ ಕೆಂಪು ಧೂಳು ಒರೆಸೋಕೇ ಅರ್ಧ ದಿನ ಹಿಡೀತು. ಎರಡನ್ನೂ ಪಕ್ಕಪಕ್ಕ ಇಟ್ವಿ.

ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಐ7-5500ಯು, 2015ರದ್ದು. ನನ್ನ ಡೆಸ್ಕ್‌ಟಾಪ್ ಐ5-3470, 2012ರದ್ದು. ಹೆಸರು ನೋಡಿದ್ರೆ ಲ್ಯಾಪ್‌ಟಾಪೇ ದೊಡ್ಡದು, ಹೊಸದು ಕೂಡ. ಒಂದೇ ವಿಡಿಯೊ ಎರಡರಲ್ಲೂ ಎಕ್ಸ್‌ಪೋರ್ಟ್‌ಗೆ ಹಾಕಿದ್ವಿ. ಡೆಸ್ಕ್‌ಟಾಪ್ ಮುಗಿಸಿದಾಗ ಲ್ಯಾಪ್‌ಟಾಪ್ ಇನ್ನೂ ಅರ್ಧ ದಾರಿಯಲ್ಲಿತ್ತು. ತಮ್ಮನ ಮುಖ ನೋಡೋಕಾಗಲಿಲ್ಲ.

ಕಾರಣ ಏನು? ಆ ಐ7ನಲ್ಲಿ ಇರೋದು ಎರಡೇ ಕೋರ್. ಐ5ನಲ್ಲಿ ನಾಲ್ಕು. ನಮ್ಮ ಕಂಪ್ಲಿ ರೈಸ್ ಮಿಲ್ ನೆನೆಸಿಕೊಳ್ಳಿ. ಕೋರ್ ಅಂದ್ರೆ ಹಮಾಲಿ. ಲ್ಯಾಪ್‌ಟಾಪ್‌ನಲ್ಲಿ ಇಬ್ಬರು ಹಮಾಲರು, ಆದ್ರೆ ಒಬ್ಬೊಬ್ಬರಿಗೂ ಎರಡೆರಡು ಚೀಟಿ ಕೊಟ್ಟು ನಾಲ್ವರ ಹಾಗೆ ಲೆಕ್ಕ ತೋರಿಸ್ತಾರೆ. ಥ್ರೆಡ್ ಅನ್ನೋದು ಆ ಚೀಟಿ. ಕೆಲಸಕ್ಕೆ ಸ್ವಲ್ಪ ವೇಗ ಬರುತ್ತೆ ನಿಜ, ಆದ್ರೆ ನಿಜವಾದ ನಾಲ್ಕು ಜನರ ಹೆಗಲು ಎಲ್ಲಿಂದ ಬರಬೇಕು? ಮೇಲಾಗಿ ಲ್ಯಾಪ್‌ಟಾಪ್ ಪ್ರೊಸೆಸರ್‌ನ ಲೆಕ್ಕ 15 ವ್ಯಾಟ್, ಡೆಸ್ಕ್‌ಟಾಪ್‌ನದು 77. ತೆಳ್ಳನೆ ಡಬ್ಬಿ, ಒಂದು ಚಿಕ್ಕ ಫ್ಯಾನು, ನಮ್ಮ ಏಪ್ರಿಲ್ ಬಿಸಿಲು. ಬಿಸಿ ಏರಿದ ಕೂಡಲೇ ಅದು ತಾನಾಗೇ ವೇಗ ಇಳಿಸುತ್ತೆ, ಹಮಾಲಿ ಬೇವಿನ ಮರದ ಕೆಳಗೆ ಕೂತ ಹಾಗೆ.

ತಮಾಷೆ ಗೊತ್ತಾ? ಇಂಟೆಲ್‌ನ ಆರು ಕೋರ್‌ನ ಕ್ಸಿಯಾನ್ 7400 ನಮ್ಮ ಬೆಂಗಳೂರಿನಲ್ಲೇ ವಿನ್ಯಾಸ ಆಗಿ 2008ರಲ್ಲಿ ಬಂದಿತ್ತು. ಅದು ಸರ್ವರ್‌ಗೆ, ಬೆಲೆಯೂ ಬೇರೆ, ಇರಲಿ. ಆದ್ರೆ ಏಳು ವರ್ಷ ಆದ ಮೇಲೂ ಲ್ಯಾಪ್‌ಟಾಪ್ ಐ7ನಲ್ಲಿ ಎರಡು ಕೋರ್!

ಹಾಗಾಗಿ ಸ್ಟಿಕರ್ ಬಿಡಿ, ಪೂರ್ತಿ ನಂಬರ್ ಕೇಳಿ. ಏಳನೇ ಜನರೇಶನ್‌ವರೆಗೆ ಕೊನೆಗೆ 'ಯು' ಇದ್ರೆ ಎರಡೇ ಕೋರ್, ಅದು ಐ5 ಆಗಲಿ, ಐ7 ಆಗಲಿ. 'ಕ್ಯೂಎಂ', 'ಎಚ್‌ಕ್ಯೂ' ಇದ್ದ ಐ7 ಆದ್ರೆ ನಾಲ್ಕು, ಆದ್ರೆ ಬಿಸಿ ಜಾಸ್ತಿ, ಬ್ಯಾಟರಿ ಬೇಗ ಖಾಲಿ. 2017ರಲ್ಲಿ ಬಂದ ಐ5-8250ಯುನಿಂದ 'ಯು' ಸಾಲಿಗೂ ನಾಲ್ಕು ಕೋರ್ ಬಂತು. ಅಂಗಡಿಯಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್‌ನಲ್ಲಿ ಕೋರ್ ಎಷ್ಟು ಅಂತ ಬರೆದಿರುತ್ತೆ. ಯಾರೂ ಬೇಡ ಅನ್ನಲ್ಲ. ಅಂದ್ರೆ ಆ ಅಂಗಡಿ ಬಿಟ್ಟು ಬನ್ನಿ.

ಹಾಗಂತ ತಮ್ಮ ಡೆಸ್ಕ್‌ಟಾಪ್ ತಗೋಬೇಕಿತ್ತು ಅಂತ ನಾನು ಹೇಳಲ್ಲ. ಬೈಕ್ ಮೇಲೆ ಸಿಪಿಯು ಹೊತ್ಕೊಂಡು ಹಂಪಿಗೆ ಹೋಗೋಕಾಗುತ್ತಾ? ಕರೆಂಟ್ ಹೋದ್ರೆ ಯುಪಿಎಸ್ ಬೇರೆ ಬೇಕು. ಲ್ಯಾಪ್‌ಟಾಪ್ ಬೇಕಾಗಿದ್ದು ಸರಿ, ತಗೊಂಡ ಲ್ಯಾಪ್‌ಟಾಪ್ ತಪ್ಪು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಹಳೇ ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿದ್ವಿ, ರ‍್ಯಾಮ್ 8 ಜಿಬಿ ಮಾಡಿದ್ವಿ, ದುಡ್ಡು ನಾನು ಕೊಟ್ಟೆ. ಈಗ ಟ್ಯಾಲಿ ಸಲೀಸಾಗಿ ಓಡ್ತಿದೆ. ಲೆಕ್ಕದ ಕೆಲಸಕ್ಕೆ ನಿಜವಾಗಿ ಅಡ್ಡ ಆಗಿದ್ದು ಆ ಡಿಸ್ಕ್, ಇದನ್ನೂ ಒಪ್ಪಬೇಕು.

ಒಂದು ಮಾತ್ರ ಸರಿ ಮಾಡೋಕಾಗಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಶನ್ನೇ ಬೇಕು. ಅವನ ಐದನೇದೂ ಹೊರಗೆ, ನನ್ನ ಮೂರನೇದೂ ಹೊರಗೆ. ನಂದು ಬಿಡಿ, ಲಿನಕ್ಸ್ ಹಾಕ್ಕೊಂಡೆ, ಆಡಿಯೊ ಎಡಿಟಿಂಗ್‌ಗೆ ಸಾಕು. ಅವನ ಹತ್ರ ಇರೋದು ಊರಿನ ಅಂಗಡಿಗಳವರ ಪಾಸ್‌ವರ್ಡ್, ಬ್ಯಾಂಕ್ ವಿವರ. ಸಂಘದ ಕಂತು ಇನ್ನೂ ಹದಿನಾಲ್ಕು ಬಾಕಿ ಇದಾವೆ.

ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ರು. "ನೀನೇ ಹೇಳಿದ್ದಲ್ಲಪ್ಪಾ, ಐ7 ಅಂತ" ಅಂದ್ರು. ಹೌದು ಚಿಕ್ಕಮ್ಮ, ನಾನೇ ಹೇಳಿದ್ದು.

ಜಿಎಸ್‌ಟಿ ಎಪಿಸೋಡ್ ಮುಂದಿನ ವಾರ ಖಂಡಿತ. ಬರ್ತೀನಿ, ನಮಸ್ಕಾರ.